ವೀರನ ಮೇಲೆ ಬಿದ್ದ ಬಣ್ಣ

ಸುಮಂಗಲಾ ನೀರಿನ ಡ್ರಮ್ಮಿನ ಹಿಂದೆ ಬಗ್ಗಿ ಕೂತಿದ್ದಳು. ಬಲಗೈ ತುಂಬ ಗುಲಾಬಿ ಬಣ್ಣ. ಎದುರುಮನೆಯ ತನ್ಮಯ ಹೊರಗೆ ಬರುವುದೊಂದೇ ಬಾಕಿ.

ಬೆಳಿಗ್ಗೆಯಿಂದ ಅವಳಿಗೆ ತಲೆಕೆಟ್ಟು ಹೋಗಿತ್ತು. ನಿನ್ನೆ ಇದೇ ಗಲ್ಲಿಯಲ್ಲಿ ಹೋಳಿ ಸುಟ್ಟರಲ್ಲ, ಹಾಗಾದರೆ ಇವತ್ತು ಬಣ್ಣ. ತನ್ನೂರು ಜೇವರ್ಗಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮಕ್ಕಳ ಗುರುತು ಅವರ ಅವ್ವಂದಿರಿಗೇ ಸಿಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಹಾಲಿನವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದು ಹೋದ.

ಈ ನಾಸಿಕ್ ಊರೇ ಹೀಗೆ. ಅವಳು ಬಂದು ಇನ್ನೂ ತಿಂಗಳಾಗಿಲ್ಲ. ಶಾಲೆಯಲ್ಲಿ ಟೀಚರನ್ನು ‘ಬಾಯಿ’ ಅಂತ ಕರೆಯುತ್ತಾರೆ. ಮುಂಜಾನೆಯೇ ಬೆವರು ಕಿತ್ತುಬರುವಷ್ಟು ಖಾರದ ಮಿಸಳ್ ತಿಂದು, ಮೇಲೆ ಇನ್ನಷ್ಟು ರಸ ಹಾಕಿಸಿಕೊಳ್ಳುತ್ತಾರೆ. ಮರಾಠಿ ಮಾತಂತೂ ಅರ್ಧ ತಿಳಿಯುವಷ್ಟರಲ್ಲಿ ಮುಗಿದೇಹೋಗಿರುತ್ತದೆ. ಕ್ಲಾಸಿನಲ್ಲಿ ಅವಳ ಜೊತೆ ಹಿಂದಿಯಲ್ಲಿ, ನಿಧಾನವಾಗಿ ಮಾತಾಡುವವನು ತನ್ಮಯ ಒಬ್ಬನೇ. ಅದಕ್ಕೇ ಮೊದಲ ಬಣ್ಣ ಅವನಿಗೆ.

ಬಾಗಿಲು ತೆರೆಯಿತು. ಸುಮಂಗಲಾ ಚಂಗನೆ ಹಾರಿ ಬಂದು ಎರಚಿಯೇಬಿಟ್ಟಳು.

ಆಮೇಲೆ ನೋಡಿದಳು. ತನ್ಮಯನ ತಲೆಗೆ ಜರಿಯ ರುಮಾಲು, ಮೂಗಿನ ಕೆಳಗೆ ಕಾಡಿಗೆಯ ಮೀಸೆ, ರೇಷ್ಮೆ ಧೋತರ. ಎರಡೂ ಕೈಯಲ್ಲಿ ಅಂಗೈಯಗಲದ ಬೆಳ್ಳಿಯ ಮೂರ್ತಿ, ಕುದುರೆ ಏರಿದ ಸವಾರ. ಕುದುರೆಯೂ ಈಗ ಗುಲಾಬಿ. ಹಿಂದೆ ಅವನ ಆಜಿ, ನೆಂಟರು, ಹಲಗೆ ಬಾರಿಸುವವರು. ಹಲಗೆ ಗಪ್ಪಾಯಿತು.

ತನ್ಮಯ ಕೈ ಎತ್ತಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ. ಗೊಂಬೆಯಂತೆ ನಿಂತ. ಬೈಯುವುದೂ ಬೇಡ ಅನ್ನುವಷ್ಟು ಸಿಟ್ಟು ಬಂದಿದೆ ಅಂದುಕೊಂಡಳು ಸುಮಂಗಲಾ. ಇದ್ದ ಒಬ್ಬ ಗೆಳೆಯನೂ ಹೋದ.

ಅಷ್ಟರಲ್ಲಿ ಸಾತಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಅಪ್ಪ ಕಾಶೀನಾಥ ಬೈಕ್ ನಿಲ್ಲಿಸಿದ.

“ಏನ್ ಮಾಡಿದಿ ಸುಮಿ?”

“ಇವತ್ತ ಬಣ್ಣ ಅಲ್ಲೇನಪ್ಪಾ?”

“ನಮ್ಮ ಕಡಿ ಇವತ್ತ. ಇಲ್ಲಿ ಐದನೇ ದಿನಕ್ಕ, ರಂಗಪಂಚಮಿಗಿ. ಇವತ್ತ ಇವರು ತಮ್ಮ ಮನ್ಯಾಗಿನ ವೀರರನ್ನ, ಅಂದ್ರ ಯುದ್ಧದಾಗ ಸತ್ತ ಹಿರೇರನ್ನ, ಹಿಂಗ ಮೂರ್ತಿ ಮಾಡಿ, ಕುಣಕೋತ ಹೊಳಿಗಿ ಕರಕೊಂಡ ಹೋಗ್ತಾರ. ನಾ ಮೊದಲೇ ಹೇಳಬೇಕಾಗಿತ್ತು.” ಅಪ್ಪ ಆಜಿಗೆ ಕೈ ಮುಗಿದು ಮರಾಠಿಯಲ್ಲಿ ಏನೋ ಅಂದ.

ಆಜಿ ಸೆರಗಿನಿಂದ ಮೊಮ್ಮಗನ ಕಣ್ಣು ಒರೆಸಿ, ಗುಲಾಬಿ ಕುದುರೆಯನ್ನು ನೋಡಿ, ಸುಮಂಗಲಾಳನ್ನು ನೋಡಿ, ಉದ್ದಕ್ಕೆ ಏನೋ ಹೇಳಿದಳು.

“ವೀರ ಹೊಂಟಿದ್ದೇ ಜಳಕಕ್ಕಂತ,” ಅಪ್ಪ ಕನ್ನಡದಲ್ಲಿ ಹೇಳಿದ. “ಹೊಲಸ ಮಾಡಿದಾಕೀನೇ ಬಂದು ತಿಕ್ಕಬೇಕಂತ.”

“ಚಲ್ ಗ ಪೋರೀ,” ಅಂದಳು ಆಜಿ, ನಡಿ ಅನ್ನುವಂತೆ ಕೈ ಬೀಸುತ್ತ. ಅದು ಮಾತ್ರ ಸುಮಂಗಲಾಗೆ ಪೂರ್ತಿ ಅರ್ಥವಾಯಿತು.

ಹಲಗೆ ಮತ್ತೆ ಶುರುವಾಯಿತು. ಪಂಚವಟಿಯ ಗಲ್ಲಿಗಲ್ಲಿಯಿಂದ ವೀರರು ಹೊರಬಿದ್ದರು. ಒಬ್ಬನಿಗೆ ಕಿರೀಟ, ಒಬ್ಬನಿಗೆ ಕತ್ತಿ, ತಂದೆಯ ಹೆಗಲ ಮೇಲೆ ನಿದ್ದೆ ಹೋಗಿದ್ದ ಪುಟ್ಟ ಕೃಷ್ಣನೊಬ್ಬ. ಸದ್ದು ಎದೆಯೊಳಗೇ ಬಡಿದಂತಾಗಿ ಸುಮಂಗಲಾಳ ಕಾಲು ತಾವಾಗಿಯೇ ಕುಣಿದವು. ಬೇಡ ಅಂದರೂ ಕೇಳಲಿಲ್ಲ. ತನ್ಮಯ ಮಾತ್ರ ದಾರಿಯುದ್ದಕ್ಕೂ ಅವಳ ಕಡೆ ತಿರುಗಲಿಲ್ಲ.

ಗೋದಾವರಿಯ ಮೆಟ್ಟಿಲಲ್ಲಿ ಕೂತು ಅವಳು ಕುದುರೆಯ ಕಿವಿ, ಬಾಲ, ಸವಾರನ ಮೀಸೆ ಎಲ್ಲ ತಿಕ್ಕಿದಳು. ಬೆಳ್ಳಿ ಫಳಫಳ ಹೊಳೆಯಿತು. ಮೂರ್ತಿ ಇಸಿದುಕೊಳ್ಳಲು ಬಗ್ಗಿದ ತನ್ಮಯನ ಧೋತರ ಅಷ್ಟರಲ್ಲಿ ಸಡಿಲವಾಯಿತು.

“ಇರು, ನೀನೇ ಹಿಡ್ಕೋ,” ಅಂದ ಗಾಬರಿಯಲ್ಲಿ. “ಎರಡೂ ಕೈಲಿ. ಬಿದ್ದರೆ ಆಜಿ ನನ್ನನ್ನೇ ನದಿಗೆ ಹಾಕ್ತಾಳೆ.”

ಸುಮಂಗಲಾ ಎದೆಗೊತ್ತಿ ಹಿಡಿದಳು. ತನ್ಮಯ ಧೋತರ ಬಿಗಿಯುತ್ತ, “ರಂಗಪಂಚಮಿಗೆ ದೊಡ್ಡ ಹೊಂಡದ ತುಂಬ ಬಣ್ಣದ ನೀರು ಇರುತ್ತೆ. ಅದರೊಳಗೆ ಜಿಗಿಯೋದು,” ಅಂದ.

“ಮನುಷ್ಯರು?”

“ಮತ್ತೇನು, ಎಮ್ಮೆಗಳಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಯಾರೋ ಧುಮುಕಿದರು. ನೀರು ರಪ್ಪನೆ ಮುಖಕ್ಕೆ ಬಡಿಯಿತು. ಕಣ್ಣು ಉರಿಯಿತು, ಕೂದಲು ಮೂಗಿಗೆ ಅಂಟಿತು. ಒರೆಸಿಕೊಳ್ಳಬೇಕು. ಆದರೆ ಕೈ?

ಬಾಗಿಲಲ್ಲಿ ತನ್ಮಯ ಹೀಗೇ ನಿಂತಿದ್ದ.

ಸುಮಂಗಲಾ ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈಯನ್ನು ಇನ್ನಷ್ಟು ಬಿಗಿಮಾಡಿದಳು.