ಬೀರುವಿನಲ್ಲಿ ಇಲ್ಲದ್ದು

"ಅಯ್ಯೋ, ನನಗೆ ತೋರಿಸಬೇಡಿ ಮೇಡಂ!"

ಅಂಗಡಿಯವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡುಬಿಟ್ಟ. ಕಾಗದ ಹಿಡಿದು ಚಾಚಿದ್ದ ಅವಳ ಕೈ ಅಲ್ಲೇ ನಿಂತಿತು.

"ಸ್ಪೆಲಿಂಗ್ ಸರಿ ಇದೆಯಾ ನೋಡಿ ಅಂದೆ, ಅಷ್ಟೆ..."

"ಈ ಪದಗಳನ್ನ ಯಾರಿಗೂ ತೋರಿಸಬಾರದು. ನನಗೂ ಕೂಡ! ಫೋಟೋ ತೆಗೀಬೇಡಿ, ಫೋನಲ್ಲಿ ಬರೀಬೇಡಿ, ದೇವರೇ ಬಂದು ಕೇಳಿದ್ರೂ ಕೊಡಬೇಡಿ."

ಕೌಂಟರಿನ ಹಿಂದೆ ಕೂತಿದ್ದ ಅವನ ಅಮ್ಮ ಕನ್ನಡಕದ ಮೇಲಿಂದ ನೋಡಿದರು. "ಹೆದರ್ಕೋಬೇಡಮ್ಮಾ. ಇವನು ಇಂಜೆಕ್ಷನ್ ಕಂಡ್ರೂ ಹೀಗೇ ಮುಖ ಮುಚ್ಕೊಳ್ಳೋದು."

ಅವಳು ಜೋರಾಗಿ ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ದಳದಳ ನೀರು! ಅಂಗಡಿಯವನಿಗೆ ಏನು ಮಾಡಬೇಕೋ ತೋಚಲಿಲ್ಲ. ಅಮ್ಮ ಎದ್ದು ಹೋಗಿ ನೀರು ತಂದುಕೊಟ್ಟರು.

ಅಳು ಯಾಕೆ ಅಂತೀರಾ? ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲಿದ್ದಳು. ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ಅವಳ ಕೆಲಸ. ಹಜಾರದಲ್ಲಿ, ಅಣ್ಣನ ಕುರ್ಚಿಗೆ ಪರದೆ ಕಾಣುವ ಹಾಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯಬೇಕು. ಸಂಬಳ ಅಣ್ಣನ ಖಾತೆಗೆ. ಸಂಜೆಗೆ ಅವಳ ಫೋನು ಅಣ್ಣನ ಕೈಗೆ. ಒಂದು ಹೊರದೇಶದ ಕಂಪನಿ ಮಾತ್ರ ಬಿಟ್‌ಕಾಯಿನ್‌ನಲ್ಲಿ ಕೊಡುತ್ತಿತ್ತು, ಅದು ಫೋನಿನ ಒಂದು ಆ್ಯಪ್‌ನಲ್ಲಿ ಸದ್ದಿಲ್ಲದೆ ಬೆಳೆದಿತ್ತು. ಬೇರೆ ಕಡೆ ಒಂದು ರೂಮು ಹಿಡಿಯಲು ಅವಳಿಗಿದ್ದ ದಾರಿ ಅದೊಂದೇ. ಅಣ್ಣ ಅದನ್ನು ಇನ್ನೂ ಕಂಡಿರಲಿಲ್ಲ... ಇಂದಲ್ಲ ನಾಳೆ ಕಾಣದೇ ಇರುತ್ತಾನೆಯೇ?

ಅದಕ್ಕೇ ಈ ಹಾರ್ಡ್‌ವೇರ್ ವಾಲೆಟ್. ಬಿಟ್‌ಕಾಯಿನ್ ಭದ್ರವಾಗಿಡಲು ಬೆರಳುದ್ದದ ಒಂದು ಸಾಧನ.

ಸೀಲು ಒಡೆಯದ ಡಬ್ಬಿಯನ್ನು ಅಂಗಡಿಯವನು ಅವಳ ಕೈಯಿಂದಲೇ ಒಡೆಸಿದ್ದ. ಅವಳು ಪಿನ್ ಹಾಕುವಾಗ ಗೋಡೆ ನೋಡುತ್ತಾ ನಿಂತಿದ್ದ. ಸಾಧನವೇ ಹುಟ್ಟಿಸಿಕೊಟ್ಟ ಇಪ್ಪತ್ನಾಲ್ಕು ಪದಗಳನ್ನು ಅವಳು ಕಾಗದದಲ್ಲಿ ಬರೆದುಕೊಂಡಿದ್ದಳು, ತೋರಿಸಲು ಹೋದದ್ದು ಅದನ್ನೇ. ಈಗ ಆ್ಯಪ್‌ನಿಂದ ಇದಕ್ಕೆ ಮೊದಲು ಚೂರೇ ಚೂರು ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳಿಸಿ ಎಂದ, ಹಾಗೇ ಮಾಡಿದಳು. ಫೋನಿನ ಆ್ಯಪನ್ನು ಅಳಿಸಿಹಾಕಿದಳು. ಅವನು ಇನ್ನೂ ಏನೇನೋ ಹೇಳುತ್ತಲೇ ಇದ್ದ. ಮೂಗು ಒರೆಸಿಕೊಳ್ಳುತ್ತಿದ್ದ ಅವಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಆದರೆ ಅವನ ದನಿ ಮಾತ್ರ ಮನೆಯವರೆಗೂ ಬಂತು. 'ಇಷ್ಟು ಮೆತ್ತಗೆ ನನ್ನ ಹತ್ತಿರ ಯಾರು ಮಾತಾಡಿದ್ದಾರೆ?' ಅಂದುಕೊಂಡಳು.

ಒಂದು ವಾರವೂ ಆಗಲಿಲ್ಲ, ಅಣ್ಣ ಆ ಸಾಧನವನ್ನು ಅವಳ ಮುಖದ ಮುಂದೆ ಹಿಡಿದ.

"ಏನಿದು ಪುಟ್ಟಿ?"

ಅವಳು ಕಸಿದುಕೊಳ್ಳಲು ಕೈ ಚಾಚಿದಳು.

"ಆ ಅಂಗಡಿಯವನೇ ಫೋನ್ ಮಾಡಿ ಎಲ್ಲಾ ಹೇಳ್ದ. ನಿಮ್ಮ ತಂಗಿ ಕದ್ದು ದುಡ್ಡು ಇಟ್ಕೊಂಡಿದಾಳೆ, ನೋಡ್ಕೊಳ್ಳಿ ಅಂದ. ಪಿನ್ ಏನು?"

'ಅವನಾ...? ಮುಖ ಮುಚ್ಚಿಕೊಂಡಿದ್ದ ಅವನಾ?'

"ಹೇಳಲ್ಲ," ಎಂದಳು. ಆ ಮನೆಯಲ್ಲಿ ಅವಳು ಆಡಿದ ಮೊದಲ 'ಇಲ್ಲ' ಅದು.

ಅಣ್ಣ ಕೂಗಾಡಲಿಲ್ಲ. ಅವನು ಕೂಗಾಡುವವನಲ್ಲ, ತಲೆ ಸವರುವವನು. ಸಾಧನವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಜೇಬಿಗಿಳಿಸಿದ. "ನಿನ್ನ ಒಳ್ಳೇದಕ್ಕೇ ಪುಟ್ಟಿ. ಇಲ್ಲಿದ್ರೆ ಭದ್ರ. ಎಲ್ಲಿ ಹೋಗ್ತೀಯಾ ಈಗ?"

ಎಲ್ಲಿಗೆ ಹೋದಾಳು? ಬೀರು ಇದ್ದದ್ದು ಅವಳು ಮಲಗುವ ಕೋಣೆಯಲ್ಲೇ. ಬೆಳಿಗ್ಗೆ ಕಣ್ಣು ಬಿಟ್ಟರೆ ಅದರ ಬೂದು ಬಾಗಿಲು. ಬಟ್ಟೆ ಬದಲಿಸುವಾಗ ಅದರ ಕನ್ನಡಿಯಲ್ಲಿ ತಾನೇ ಕಾಣುತ್ತಿದ್ದಳು. ದುಡ್ಡು ಕೈಯಳತೆಯಲ್ಲಿದೆ, ಆದರೆ ತನ್ನದಲ್ಲ! ಉಸಿರು ಬಿಗಿಹಿಡಿದು ಬದುಕುವುದು ಅಂದರೆ ಅದೇ ಇರಬೇಕು. ಅತ್ತಿಗೆ ಊಟದ ತಟ್ಟೆ ಇಡುವಾಗ ಕಣ್ಣು ತಪ್ಪಿಸುತ್ತಿದ್ದರು. ಕಸ ಹಾಕಲು ಹೊರಟರೂ "ಎಲ್ಲಿಗೆ?" ಎಂಬ ದನಿ ಹಿಂದೆ ಬರುತ್ತಿತ್ತು.

ಅಂಗಡಿಯವನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ ಅತ್ತಳು. ಹಾಳಾದ ಮನಸ್ಸು, ಬೈದವನ ದನಿಯನ್ನೇ ಮತ್ತೆ ನೆನೆಯುತ್ತಿತ್ತು.

ಕೊನೆಗೆ ಅವಳ ಕನ್ನಡಕದ ಕಾಲು ಮುರಿಯಿತು. ಮುರಿಯಿತೋ, ಮುರಿದಳೋ, ನಾವು ಕೇಳುವುದು ಬೇಡ. ಕನ್ನಡಕವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಸಂಬಳವಿಲ್ಲ. ಹಾಗಾಗಿ ರಿಪೇರಿಗೆಂದು ಅಣ್ಣ ಹೊರಗೆ ಕಳಿಸಿದ.

ಅವಳು ನೆಟ್ಟಗೆ ಹೋದದ್ದು ಆ ವಾಲೆಟ್ ಅಂಗಡಿಗೆ.

"ನಿಮ್ಮನ್ನ ನಂಬಿದ್ದೆ ರೀ ನಾನು! ನಮ್ಮಣ್ಣನಿಗೆ ಫೋನ್ ಮಾಡಿ ಹೇಳೋಕೆ ನಾಚಿಕೆ ಆಗಲಿಲ್ವಾ?"

ಅಂಗಡಿಯವನು ಬೆಪ್ಪಾಗಿ ನಿಂತ. "ಫೋನಾ? ನಿಮ್ಮ ನಂಬರೇ ನನ್ನ ಹತ್ರ ಇಲ್ಲ, ಇನ್ನು ನಿಮ್ಮಣ್ಣಂದು..."

"ಸುಳ್ಳು!"

"ಸುಳ್ಳಲ್ಲಮ್ಮಾ," ಅವನ ಅಮ್ಮ ಎದ್ದು ಬಂದರು. "ನಿಮ್ಮಣ್ಣನೇ ಬಂದಿದ್ದ, ಡಬ್ಬಿ ಹಿಡ್ಕೊಂಡು. ನಮ್ಮಂಗಡಿ ಹೆಸರಿನ ಚೀಟಿ ಅದರ ಮೇಲೇ ಇತ್ತು. ಪಿನ್ ಹೇಳು ಅಂತ ಇವನ ಕಾಲರ್ ಹಿಡಿದ. ಇವನೋ, ನನಗೆ ಗೊತ್ತಿಲ್ಲ ಸಾರ್, ನಾನು ನೋಡ್ಲಿಲ್ಲ ಅಂತ ಒಂದೇ ರಾಗ. ಅಂಗಿ ಗುಂಡಿ ಕಿತ್ತು ಹೋಯ್ತು, ನಾನೇ ಹಾಕಿಕೊಟ್ಟೆ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. 'ಡಬ್ಬಿ... ಡಬ್ಬಿ ಎಸೆಯೋದನ್ನ ಮರೆತೆನಲ್ಲಾ! ತಪ್ಪು ನನ್ನದು, ಬೈಸಿಕೊಂಡವರು ಇವರು.'

"ಕ್ಷಮಿಸಿ," ಎಂದಳು ಸಣ್ಣ ದನಿಯಲ್ಲಿ. "ಈಗ ಏನು ಮಾಡಿದ್ರೂ ಅಷ್ಟೇ. ಅದು ಅಣ್ಣನ ಬೀರುವಿನಲ್ಲಿದೆ. ನಾನೂ ಅದರ ಜೊತೆಗೇ ಇದೀನಿ ಅನ್ಕೊಳ್ಳಿ. ಬಿಟ್ಟು ಬರೋ ಹಾಗಿಲ್ಲ."

ಅಂಗಡಿಯವನು ಅವಳನ್ನೇ ನೋಡಿದ. "ಒಂದು ನಿಮಿಷ... ಆ ಪದಗಳು ನಿಮ್ಮ ಹತ್ರ ಇದಾವಾ?"

"ಇದಾವೆ. ಕೋಟಿನ ಅಸ್ತರ್ ಒಳಗೆ ಹೊ..."

"ಎಲ್ಲಿ ಅಂತ ಹೇಳಬೇಡಿ!"

"ಅದರಿಂದ ಏನುಪಯೋಗ? ಪಿನ್ ಮರೆತರೆ ಬೇಕಾಗೋದಲ್ವಾ ಅವು? ಪಿನ್ ನೆನಪಿದೆ ನನಗೆ."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. "ಅಯ್ಯೋ ನನ್ನ ಮೇಡಂ... ದುಡ್ಡು ಆ ಸಾಧನದೊಳಗೆ ಇಲ್ವೇ ಇಲ್ಲ ಕಣ್ರೀ, ಅದರ ಲೆಕ್ಕ ಇರೋದು ನೆಟ್‌ನಲ್ಲಿ! ನಿಮ್ಮ ದುಡ್ಡಿಗೆ ಬೀಗದಕೈ ಆ ಪದಗಳೇ. ಹೊಸ ಸಾಧನ ತಗೊಂಡು ಅವನ್ನ ಹಾಕಿದ್ರೆ ಅಷ್ಟೂ ಅದರಲ್ಲಿ ಬರುತ್ತೆ. ಅಣ್ಣ ತಪ್ಪು ಪಿನ್ ಒತ್ತುತ್ತಾ ಹೋದ್ರೆ ಅವರ ಹತ್ರ ಇರೋದು ತಾನಾಗೇ ಅಳಿಸಿಕೊಳ್ಳುತ್ತೆ. ಬೀರುವಿನಲ್ಲಿರೋದು ಬರೀ ಪ್ಲಾಸ್ಟಿಕ್."

"ಏನಂದ್ರಿ...?"

"ಅವತ್ತೇ ಹೇಳಿದ್ದೆ. ನೀವು ಅಳ್ತಾ ಇದ್ರಿ. ಇನ್ನೊಂದ್ಸಲ ಹೇಳಬೇಕಿತ್ತು ನಾನು..."

ಇಷ್ಟು ದಿನ ಕಾವಲು ಕೂತದ್ದು ಖಾಲಿ ಪ್ಲಾಸ್ಟಿಕ್ಕಿಗೆ!

ಅಮ್ಮ ಮಗನನ್ನು ಹೊರಗೆ ಅಟ್ಟಿ ಶಟರ್ ಅರ್ಧ ಇಳಿಸಿದರು, ತಾವೂ ಬೀದಿ ನೋಡುತ್ತಾ ಕೂತರು. ಅವಳು ಹಾಕಿಕೊಂಡಿದ್ದ ಕೋಟಿನ ಅಸ್ತರ್ ಬಿಚ್ಚಿ, ಕಾಗದ ತೆಗೆದು, ಹೊಸ ಸಾಧನದಲ್ಲಿ ಒಂದೊಂದೇ ಪದ ಹಾಕಿದಳು. ಕೊನೆಯ ಪದವನ್ನು ಎರಡೆರಡು ಸಲ ಓದಿ ಒತ್ತಿದಳು.

ಬಂತು. ಒಂದು ಚೂರೂ ಕಡಿಮೆಯಿಲ್ಲದೆ ಬಂತು.

ಅವತ್ತೇ ಹೋಗಿ ಒಂದು ರೂಮು ಮಾತಾಡಿದಳು. ಮರುದಿನ ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿದಾಗ ಅಣ್ಣ ಬಾಗಿಲಲ್ಲಿ ನಕ್ಕ.

"ಹೋಗು, ಹೋಗು. ಬರಿಗೈಲಿ ಎಷ್ಟು ದಿನ ಇರ್ತೀಯಾ ನೋಡ್ತೀನಿ. ಅದು ನನ್ನ ಬೀರುವಿನಲ್ಲಿದೆ, ನೆನಪಿರಲಿ."

"ಇಟ್ಕೋ ಅಣ್ಣ," ಎಂದಳು. "ನೀನೇ ಇಟ್ಕೋ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅಣ್ಣನ ನಗು ನಿಂತುಹೋಯಿತು. ಅತ್ತಿಗೆ ಅಡುಗೆಮನೆಯಿಂದ ಬಂದು, ಗಂಡನ ಮುಂದೆಯೇ, ಅವಳ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು.

ಹೊಸ ರೂಮಿನಲ್ಲಿ ಒಂದು ಕಿಟಕಿ, ಒಂದು ಮೇಜು. ಅಂಗಡಿಯವನು ಮೇಜನ್ನು ಮೂರನೇ ಮಹಡಿಗೆ ಹೊತ್ತು ತಂದಿದ್ದ, ಏದುಸಿರು ಬಿಡುತ್ತಿದ್ದ.

"ಒಂದು ಮಾತು ಕೇಳ್ಲಾ?" ಎಂದ. "ಈಗಲೇ ಕೇಳಬಾರದು, ಗೊತ್ತು. ಆದ್ರೆ ಕೇಳದೇ ಇದ್ರೆ ನಿದ್ದೆ ಬರಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನನ್ನ... ಮದುವೆ ಆಗ್ತೀರಾ?"

ಅವಳ ಕೆನ್ನೆ ಕೆಂಪಾಯಿತು. ಬೇಕು ಎಂದು ಮನಸ್ಸು ಕೂಗುತ್ತಿತ್ತು!

"ನನಗೂ ಇಷ್ಟ. ನಿಮ್ಮನ್ನ ಬೈತಾ ಇದ್ದಾಗ್ಲೂ ಇಷ್ಟವೇ ಇತ್ತು," ಎಂದಳು. "ಆದ್ರೆ ಒಂದು ಮನೆಯಿಂದ ಈಗ ತಾನೇ ಹೊರಗೆ ಬಂದಿದೀನಿ. ಸ್ವಲ್ಪ ದಿನ ನನ್ನ ರೂಮಲ್ಲಿ ನಾನಿರಬೇಕು."

"ಎಷ್ಟು ದಿನ ಆದ್ರೂ ಕಾಯ್ತೀನಿ."

"ಸುಮ್ನೆ ಕಾಯ್ತಾ ಕೂರೋದು ಬೇಡ ರೀ."

"ಮತ್ತೆ?"

"ದಿನಾ ಸಂಜೆ ಬನ್ನಿ."