ನೇರಳೆಯಾದ ಲಿಂಕುಗಳು

"ಓದಲಿಲ್ಲ," ಎಂದ ಅರುಳ್‌ಮಣಿ, ಕ್ಯಾಂಟೀನಿನ ಟೀ ಲೋಟದಿಂದ ಕಣ್ಣೆತ್ತದೆ. "ಫೋನಲ್ಲಿ ಓದೋ ಅಭ್ಯಾಸ ಇಲ್ಲ ನಂಗೆ."

ಪೂಂಗೊಡಿಗೆ ಮೈಯೆಲ್ಲ ಉರಿಯಿತು. ಶಿವಕಾಶಿಯ ಆ ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ಅವಳು ಅಕ್ಷರದ ತಪ್ಪು ಹಿಡಿಯುವವಳು, ಅವನು ಬಣ್ಣದ ತಪ್ಪು ಹಿಡಿಯುವವನು. ಊರು, ಊಟ, ಬಸ್‌ಸ್ಟ್ಯಾಂಡಿನ ಜಗಳ ಎಂದು ಅವಳು ತನ್ನದೇ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು. ಪ್ರೆಸ್ಸಿನ ವಾಚ್‌ಮನ್ ಕೂಡ ಓದಿ ನಗುತ್ತಿದ್ದ. ಅವಳು ಯಾರ ಬಾಯಿಂದ ಒಂದು ಮಾತು ಬಯಸಿದ್ದಳೋ ಅವನು ಮಾತ್ರ ಕಲ್ಲಿನಂತೆ ಕೂತಿರುತ್ತಿದ್ದ.

"ಕೊಡಿ ಇಲ್ಲಿ ಫೋನು. ನನ್ನೆದುರೇ ಒಂದು ಓದಿ."

"ಬೇಡ, ಚಾರ್ಜ್ ಇಲ್ಲ..."

ಅಷ್ಟರಲ್ಲಿ ಅವಳು ಕಿತ್ತುಕೊಂಡಾಗಿತ್ತು.

ಬ್ರೌಸರಿನಲ್ಲಿ ವಿಳಾಸದ ಎರಡಕ್ಷರ ಒತ್ತಿದಳು. ಉಳಿದದ್ದನ್ನು ಫೋನೇ ತುಂಬಿಕೊಂಡಿತು. ಪೂಂಗೊಡಿಯ ಹುಬ್ಬು ಮೇಲೇರಿತು. ಒಮ್ಮೆಯೂ ಹೋಗದ ಮನೆಯ ದಾರಿ ಫೋನಿಗೆ ಹೇಗೆ ಗೊತ್ತು?

ಪುಟ ತೆರೆಯಿತು. ಬರಹಗಳ ಹೆಸರುಗಳು ಸಾಲಾಗಿ ನಿಂತಿದ್ದವು, ಒಂದೊಂದೂ ಒಂದು ಲಿಂಕು. ಇನ್ನೂ ಒತ್ತದ ಲಿಂಕು ನೀಲಿ, ಒತ್ತಿ ಒಳಹೊಕ್ಕು ಬಂದದ್ದು ನೇರಳೆ. ಇಲ್ಲಿ ನೋಡಿದರೆ ನೇರಳೆಯೋ ನೇರಳೆ.

"ಇದೇನಿದು?"

"ನೀಲಿ ಅಲ್ವಾ ಅದು?"

"ಕ್ಯಾಲೆಂಡರಿನ ಮುರುಗನ ನವಿಲಿಗೆ ಒಂದು ಚೂರು ಬಣ್ಣ ಹೆಚ್ಚಾದ್ರೆ ಮಿಷಿನ್ನೇ ನಿಲ್ಲಿಸೋನು, ನೇರಳೆನ ನೀಲಿ ಅಂತೀಯಾ?" ಸಿಟ್ಟಿನಲ್ಲಿ 'ನೀವು' ಎಲ್ಲೋ ಬಿದ್ದುಹೋಗಿತ್ತು. "ಎಲ್ಲಾ ಓದಿದೀಯ! ಓದಿ, ಬಾಯಿಗೆ ಬೀಗ ಹಾಕ್ಕೊಂಡು ನನ್ನನ್ನ ದಿನಾ ಉರಿಸಿದೀಯ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನ ಕಿವಿ ಕೆಂಪಾಯಿತು. "ಒಂದು ಹೇಳಿದ್ರೆ ಎಲ್ಲಾ ಹೇಳಿಬಿಡ್ತೀನೇನೋ ಅಂತ ಭಯ."

"ಈಗ ಹೇಳು!"

"ಸಾತ್ತೂರು ಕಾರಾಸೇವಿನ ಬರಹ ತಪ್ಪು. ಅದಕ್ಕೆ ಬೆಳ್ಳುಳ್ಳಿ ಹಾಕ್ತಾರೆ."

"ಮೊದಲು ಬಾಯಿಗೆ ಬಂದದ್ದು ನನ್ನ ತಪ್ಪೇ!" ಎಂದು ಗದರಿದಳು. ಗದರುತ್ತಿದ್ದಂತೆಯೇ ಎದೆಯೊಳಗೆ ಏನೋ ಕುಣಿಯಿತು. ಬೆಳ್ಳುಳ್ಳಿಯವರೆಗೂ ಓದಿದ್ದಾನೆ!

ಪುಟವನ್ನು ಕೆಳಕ್ಕೆ ಸರಿಸಿದಾಗ ಒಂದೇ ಒಂದು ನೀಲಿ ಲಿಂಕು ಕಣ್ಣಿಗೆ ಬಿತ್ತು: 'ನಾನು ಮದುವೆಯಾಗದಿರಲು ಕಾರಣ'.

"ಇದೊಂದನ್ನ ಯಾಕೆ ಬಿಟ್ಟೆ?"

"ಬೆರಳು ಹತ್ತಿರ ತಂದು ತಂದು ಹಿಂದೆ ತಗೊಂಡಿದೀನಿ," ಎಂದ ಮೆಲ್ಲಗೆ. "ಹಿಂದಕ್ಕೆ ಹೋಗೋ ಬಾಣ ಒತ್ತಿದ್ರೆ ಪುಟ ಹೋಗುತ್ತೆ. ಓದಿದ್ದು ಮನಸ್ಸಿಂದ ಹೋಗುತ್ತಾ?"

"ಪುಕ್ಕಲ! ಒತ್ತು ಈಗ," ಎಂದು ಫೋನು ಅವನತ್ತ ಚಾಚಿದಳು.

ಒತ್ತಿದ. ಅವಳು ಮುಖ ಆಚೆ ತಿರುಗಿಸಿ ನಿಂತಳು. ಹಿಂದೊಮ್ಮೆ ಬಂದ ವರ, ಮದುವೆಯ ನಂತರ ಈ ಬರೆಯುವ ಹುಚ್ಚು ನಿಲ್ಲಬೇಕು ಎಂದಿದ್ದ. ಹಲ್ಲು ಕಚ್ಚಿ ಅಂದೇ ಬರೆದದ್ದು ಅದು.

"ಯಾರವನು?"

ಪೂಂಗೊಡಿ ಬೆಚ್ಚಿ ತಿರುಗಿದಳು. ಎಂದೂ ದನಿ ಎತ್ತದ ಅರುಳ್‌ಮಣಿ ಎದ್ದು ನಿಂತಿದ್ದ. ಕ್ಯಾಂಟೀನೆಲ್ಲ ಇವರತ್ತ ನೋಡುತ್ತಿತ್ತು.

"ನಿಲ್ಲಿಸು ಅನ್ನೋಕೆ ಅವನ್ಯಾರು? ಯಾವ ಊರು ಅವಂದು? ನೀವು ಬರೆಯೋದು ನಿಲ್ಲಿಸಿದ್ರೆ ನಾನೇನು ಮಾಡ್ಲಿ?"

"ಮೆಲ್ಲಗೆ! ಬೇರೆಯವರ ಮನೆ ವಿಷಯಕ್ಕೆ ಇಷ್ಟು ಸಿಟ್ಟಾ?"

ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಬೇರೆಯವನಾ ನಾನು?"

ಅವಳೂ ಕಣ್ಣು ತಪ್ಪಿಸಲಿಲ್ಲ.

"ಅಲ್ಲ," ಎಂದಳು.