ನಿಂಬೆವ್ವ ಹೂಳಿಟ್ಟ ಉಡದಾರ

"ಅಗೀರಿ ಸಾಹೇಬ್ರ, ಯಾರ ಬ್ಯಾಡಂತಾರ? ಎಷ್ಟ ಬೇಕ ಅಷ್ಟ ಅಗೀರಿ. ಆದ್ರ ಈ ಮಣ್ಣ ಚೊಕ್ಕ ಅದ ಅಂತ ಸುಳ್ಳ ಹೇಳಬ್ಯಾಡ್ರಿ. ಹಂಗಂದವ್ರ ಬಾಯಾಗ ಇದೇ ಮಣ್ಣ ತುಂಬತದ. ನಾಕ ಮಂದಿ ಮುಂದ ಖರೇ ಹೇಳಿದ್ರಷ್ಟೇ ಬಿಡತದ."

ಹೀಗೆಂದವಳು ನಿಂಬೆವ್ವ. ಜೇವರ್ಗಿಯ ಹೊರಗೆ ಹಳೇ ಕಸದ ಜಾಗವಿದೆಯಲ್ಲ, ಅದರ ಮುಂದಿನ ತುಕ್ಕು ಹಿಡಿದ ಬೋರಿಂಗಿನ ಕಟ್ಟೆಯ ಮೇಲೆ ಮೊಮ್ಮಗಳು ಸೀಮಾಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಸಿದ್ದರಾಮೇಶ ನಕ್ಕ. ದಾವಣಗೆರೆಯಿಂದ ಬಂದ ಎಂಜಿನಿಯರ್ ಅವನು. ಕಸ ಎತ್ತಿದ ಮೇಲೆ ಈ ನೆಲದಲ್ಲಿ ಮನೆ ಕಟ್ಟಬಹುದೋ ಬಾರದೋ ಎಂದು ಮಣ್ಣು ನೋಡಿ ಹೇಳುವುದು ಅವನ ಕೆಲಸ.

"ಅಜ್ಜಿ, ನನ್ನ ಮಷೀನಿಗೆ ಮಾಟ-ಮಂತ್ರ ಗೊತ್ತಾಗಲ್ಲ" ಎಂದವನೇ ಮಣ್ಣು ಕೊರೆಯುವ ಬೈರಿಗೆಯನ್ನು ಹೆಗಲಿಗೇರಿಸಿ ಒಳಗೆ ನಡೆದ. ನಗುವವನಿಗೇನು, ನಗುತ್ತಾನೆ. ಸತ್ತದ್ದು ಅವನ ಮನೆಯ ಕೂಸಲ್ಲ.

ಸತ್ತ ಕೂಸಿನ ಕತೆಯನ್ನು ಜೀಪಿನ ಡ್ರೈವರ್ ಗುಡುಸಾಬ ತಗ್ಗಿದ ದನಿಯಲ್ಲಿ ಹೇಳಿದ. ಊರ ಕಸ ಇಲ್ಲಿ ಬೀಳುತ್ತಿದ್ದ ಕಾಲದಲ್ಲಿ ಅದರ ಮರೆಯಲ್ಲಿ ಎಲ್ಲಿಂದಲೋ ಡ್ರಮ್ಮುಗಳೂ ಬಂದು ಬಿದ್ದವಂತೆ. ಬೋರಿಂಗಿನ ನೀರು ಕಂದುಬಣ್ಣಕ್ಕೆ ತಿರುಗಿತು, ನಾರತೊಡಗಿತು. ಪಕ್ಕದ ಗುಡಿಸಲ ಮಂದಿ ಕೂಗಿ ಕೂಗಿ ಗಂಟಲು ಹರಕೊಂಡರು. ಯಾರೋ ಒಬ್ಬ ಇಸ್ತ್ರಿ ಅಂಗಿಯವನು ಬಂದು, ನೀರು ಚೊಕ್ಕ ಇದೆ, ಕುಡಿಯಿರಿ ಎಂದು ಹೇಳಿ ಹೋದ. ಕುಡಿದರು. ನಿಂಬೆವ್ವನ ಮೊಮ್ಮಗ ಪರಮೇಶ ಹೊಟ್ಟೆ ಉಬ್ಬಿ ಸತ್ತ. ಅದರ ಮುಂದಿನ ಅಮಾಸೆಗೆ ಮುದುಕಿ ಭೀಮಾ ದಂಡೆಯ ಮಾಟಗಾರನಲ್ಲಿಗೆ ಹೋಗಿ, ಕೂಸಿನ ಸೊಂಟದ ಕರಿ ಉಡದಾರಕ್ಕೆ ಗಂಟು ಹಾಕಿಸಿ ತಂದು ಇಲ್ಲಿ ನಟ್ಟನಡುವೆ ಹೂಳಿದಳು. ಆ ಮಾಟಕ್ಕೆ ಬೆಲೆಯಾಗಿ ಜೀವನಪೂರ್ತಿ ಉಪ್ಪು ಬಿಟ್ಟಳು. ಇವತ್ತಿಗೂ ಅವಳದು ಸಪ್ಪನೆಯ ಅಂಬಲಿ.

ಈಗ ಅದೇ ಗುಡಿಸಲ ಮಂದಿಯನ್ನು ಎಬ್ಬಿಸಿ ಇದೇ ಕಸದ ನೆಲದ ಮೇಲೆ ಮನೆ ಕಟ್ಟಿಕೊಡುತ್ತಾರಂತೆ. ಸೀಮಾ ಇಲ್ಲೇ ಆಡಬೇಕು, ಮುಂದೆಯೂ ಇದೇ ನೀರು ಕುಡಿಯಬೇಕು. ಯಾಕೆಂದರೆ ಗುಡಿಸಲುಗಳಿರುವ ಜಾಗ ಹೆದ್ದಾರಿಗೆ ತಾಗಿದೆ, ಅಂಗಡಿಸಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಹೊಟ್ಟೆ ಉರಿಯದೆ ಇದನ್ನು ಹೇಳುವುದು ಹೇಗೆ?

ಬೈರಿಗೆ ಇಳಿಯಿತು. ಮೇಲಿನ ಮಣ್ಣು ಬಿಸಿಲಿಗೆ ಬಿರಿದಿತ್ತು. ಕೆಳಗೆ ಹೋದಂತೆ ಒದ್ದೆ, ಕಪ್ಪು, ಜಿಗುಟು. ಸುಟ್ಟ ರಬ್ಬರು, ಕೊಳೆತ ತೊಗಲು, ಆಸ್ಪತ್ರೆಯ ಔಷಧಿ ಎಲ್ಲ ಕಲೆತ ನಾತ ಎದ್ದು ಮೂಗಿಗೆ ಹೊಡೆಯಿತು. ಮಣ್ಣಿನಲ್ಲಿ ಮುರಿದ ಸೂಜಿಗಳಿದ್ದವು. ಸಿದ್ದರಾಮೇಶ ದಡ್ಡನಲ್ಲ. ಇದು ವಿಷ ಎಂದು ಅವನಿಗೆ ಅಲ್ಲೇ ತಿಳಿಯಿತು. ನಟ್ಟನಡುವಿನ ಕುಣಿಯಿಂದ ಬೈರಿಗೆ ಮೇಲೆ ಬಂದಾಗ ಅದರ ತುದಿಗೆ ಒಂದು ಗಂಟುಗಂಟಿನ ಕರಿದಾರ ಸುತ್ತಿಕೊಂಡಿತ್ತು. ಒಂದು ಎಳೆಯೂ ಕೊಳೆತಿರಲಿಲ್ಲ. ಗುಡುಸಾಬ ಹಿಂದಕ್ಕೆ ಸರಿದ. ಸಿದ್ದರಾಮೇಶ ಅದನ್ನು ಕಿತ್ತು ಜಾಲಿಕಂಟಿಗೆ ಎಸೆದು ಕೈ ಒರೆಸಿಕೊಂಡ.

ಅಷ್ಟರಲ್ಲಿ ಅನೀಲಕುಮಾರನ ಫೋನು. ಮನೆ ಕಟ್ಟುವ ಗುತ್ತಿಗೆ ಅವನದೇ, ಅಂಗಡಿಸಾಲೂ ಅವನದೇ. ನಾಳೆ ಮುಂಜಾನೆ ಅಲ್ಲೇ ಪೆಂಡಾಲು ಹಾಕಿಸುತ್ತೇನೆ, ಗುಡಿಸಲ ಮಂದಿಯ ಎದುರಿಗೆ ನೀವೇ ಮೈಕಿನಲ್ಲಿ ಒಂದು ಮಾತು ಹೇಳಿಬಿಡಿ ಎಂದ. ಸಿದ್ದರಾಮೇಶನಿಗೆ ಇದು ಹೊಸದಲ್ಲ. ಕುಣಿಯ ಮಣ್ಣನ್ನು ಚೀಲದಿಂದ ಚೆಲ್ಲಿದ. ಬದುವಿನಾಚೆಯ ತೊಗರಿ ಹೊಲದ ಎರೆಮಣ್ಣನ್ನು ಅದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಪರೀಕ್ಷೆಗೆ ಹೋಗುವುದು ಹೊಲದ ಮಣ್ಣು, ಹೆಸರು ಮಾತ್ರ ಈ ಜಾಗದ್ದು. ಥೂ, ಓದಿದ ಓದಿಗೆ ಬೆಂಕಿ ಬೀಳಲಿ!

"ಆಯ್ತು ಬಿಡಿ" ಎಂದ ಫೋನಿನಲ್ಲಿ. "ಮಣ್ಣು ಚೊಕ್ಕ ಇದೆ."

ಹಲ್ಲಿನ ನಡುವೆ ಕರ್ರೆಂದಿತು. ಗಾಳಿಗೆ ಹಾರಿದ ಧೂಳಿರಬೇಕು ಎಂದುಕೊಂಡು ಉಗುಳಿದ. ಉಗುಳು ಕಪ್ಪಗಿತ್ತು.

ಸಂಜೆ ಖಾನಾವಳಿಯಲ್ಲಿ ರೊಟ್ಟಿ ಮುರಿದು ಬಾಯಿಗಿಟ್ಟ. ಕರ್ರ್. ಎದುರಿಗೆ ಕೂತ ಗುಡುಸಾಬ ಅದೇ ಬುಟ್ಟಿಯ ರೊಟ್ಟಿಯನ್ನು ಹಾಯಾಗಿ ತಿನ್ನುತ್ತಿದ್ದ. ಪಲ್ಯದಲ್ಲಿ ರಬ್ಬರಿನ ನಾತ. ಮಜ್ಜಿಗೆಯಲ್ಲಿ ತೊಗಲಿನ ನಾತ. ನೀರು ಮುಕ್ಕಳಿಸಿದ, ಬಾಯಲ್ಲಿ ಕೆಸರಾಯಿತು. ಕರೆಂಟು ಹೋಯಿತು. ಕತ್ತಲಲ್ಲಿ ನಾಲಿಗೆ ಹೊರಳಿಸಿದರೆ ಒಸಡಿನೊಳಗಿಂದ ಮಣ್ಣು ಸಣ್ಣಗೆ ಸುರಿಯುತ್ತಿರುವುದು ತಿಳಿಯುತ್ತಿತ್ತು. ದವಾಖಾನೆಗೆ ಹೋದರೆ ಡಾಕ್ಟರು ಬ್ಯಾಟರಿ ಹಿಡಿದು ನೋಡಿ, ಬಾಯಲ್ಲಿ ಏನೂ ಇಲ್ಲ, ಉಷ್ಣ ಆಗಿದೆ ಎಂದರು. ಜೀಪಿನಲ್ಲಿ ಕೂತ ಮೇಲೆ ಗುಡುಸಾಬ ಒಂದೇ ಮಾತು ಆಡಿದ.

"ಸಾಹೇಬ್ರ, ನಿಂಬೆವ್ವ ಆಯಿ ಹೇಳಿದ್ದು ನೆನಪ ಮಾಡ್ಕೊರಿ."

ಸಿದ್ದರಾಮೇಶ ಅವನನ್ನು ಬೈದ. ಬೈಗುಳದ ಜೊತೆ ಮಣ್ಣು ಉದುರಿತು.

ಮುಂಜಾನೆ ಪೆಂಡಾಲಿನ ತುಂಬ ಜನ. ಮುಂದಿನ ಸಾಲಿನಲ್ಲೇ ನಿಂಬೆವ್ವ, ತೊಡೆಯ ಮೇಲೆ ಸೀಮಾ. ಅನೀಲಕುಮಾರ ಬಿಳಿ ಅಂಗಿ ತೊಟ್ಟು, ಗುಲಾಲು ಹಚ್ಚಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಸಿದ್ದರಾಮೇಶನ ಕೈಗೆ ಮೈಕು ಬಂತು. ಗಾಳಿ ಎದ್ದಿತು. ಆಚೆಯ ಕಸದ ಗುಡ್ಡೆಯಿಂದ ಧೂಳು ಮೇಲೆದ್ದು ಬಿಸಿಲು ಮಂಕಾಯಿತು, ಪೆಂಡಾಲಿನೊಳಗೆ ಕತ್ತಲು ಕವಿಯಿತು.

"ಈ ಮಣ್ಣು..." ಎಂದ.

ಗಂಟಲು ಮುಚ್ಚಿತು. ನುಂಗಿದ. ಇಳಿಯಲಿಲ್ಲ. ಕೆಮ್ಮಿದ. ಬರಲಿಲ್ಲ. ಮೂಗಿನಲ್ಲಿ ಮಣ್ಣು. ಎದೆಯಲ್ಲಿ ಮಣ್ಣು. ಉಸಿರಿಗೆ ದಾರಿಯಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಮಂಡಿ ಊರಿ ಬಿದ್ದ. ಎದುರಿಗೆ ಸೀಮಾಳ ಮುಖ ಕಂಡಿತು. ಅವಳ ಉಬ್ಬಿದ ಹೊಟ್ಟೆ ಕಂಡಿತು. ನಿನ್ನೆ ಯಾಕೆ ಕಾಣಲಿಲ್ಲ? ಉಳಿದ ಒಂದೇ ಗುಟುಕು ಗಾಳಿಯನ್ನು ನಾಲಿಗೆಗೆ ತಂದ.

"ವಿಷ... ಇದು ವಿಷ. ಮನೆ ಬೇಡ. ನೀರು ಕುಡೀಬೇಡಿ."

ಗಂಟಲು ಕಿತ್ತುಕೊಂಡು ಬಂತು. ವೇದಿಕೆಯ ಮೇಲೆ ಕರಿ ಮಣ್ಣು ಬೊಗಸೆಗಟ್ಟಲೆ ಬಿತ್ತು. ಅದರೊಳಗೆ ಮುರಿದ ಸೂಜಿಗಳು, ಅವನದೇ ರಕ್ತ, ಕೊನೆಗೆ ಗಂಟುಗಂಟಿನ ಕರಿದಾರ. ಜಾಲಿಕಂಟಿಗೆ ಎಸೆದಿದ್ದ ಅದೇ ದಾರ. ಉಸಿರು ಬಂತು. ದನಿ ಹೋಯಿತು. ಬಾಯಿ ತೆರೆದರೆ ಸೂಜಿ ಕೊರೆದ ಗಂಟಲಿನಿಂದ ಬರೀ ಗಾಳಿ ಹೊರಟಿತು. ಆ ದನಿ ಮುಂದೆಂದೂ ಮರಳಲಿಲ್ಲ.

ಜನ ಎದ್ದು ನಿಂತರು. ನಿಂಬೆವ್ವ ಅಳಲಿಲ್ಲ, ನಗಲಿಲ್ಲ. ದಾರವನ್ನು ಆರಿಸಿ, ಒರೆಸಿ, ಮಡಿಲಿಗೆ ಹಾಕಿಕೊಂಡಳು.

ಅನೀಲಕುಮಾರನ ಮುಖ ಕೆಂಪಾಯಿತು. ಬಿದ್ದ ಮೈಕನ್ನು ಬಾಚಿಕೊಂಡ.

"ಕುಂದರ್ರಿ, ಎಲ್ಲಾರೂ ಕುಂದರ್ರಿ! ಸಾಹೇಬ್ರಿಗಿ ಬಿಸಲ ಬಡದದ, ಏನೇನೋ ಅನ್ನಾಕತ್ತಾರ. ನಾ ಹೇಳತೇನಿ ಕೇಳ್ರಿ..."

ಸಿದ್ದರಾಮೇಶ ಅವನ ಕಾಲ ಬುಡದಲ್ಲೇ ಬಿದ್ದಿದ್ದ. ದನಿ ಹೋಗಿದ್ದರೂ ಕೈಯಲ್ಲಿ ಕಸುವಿತ್ತು. ಅಂಗಿ ಹಿಡಿದು ಜಗ್ಗಬಹುದಿತ್ತು, ಮೈಕಿನ ವಯರು ಕೀಳಬಹುದಿತ್ತು. ನಿಂಬೆವ್ವನ ಕಡೆ ನೋಡಿದ. ಸೀಮಾಳ ಹೊಟ್ಟೆಯ ಕಡೆ ನೋಡಿದ. ಅವನೂ ಹೇಳಲಿ ಎಂದು ಎದ್ದು ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ.

"ಈ ಮಣ್ಣ ಚೊಕ್ಕ ಅದ" ಎಂದ ಅನೀಲಕುಮಾರ, ಇಡೀ ಪೆಂಡಾಲಿಗೆ ಕೇಳುವ ಹಾಗೆ.

ಹೇಳಿದವನು ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿದ. ಹುಬ್ಬು ಗಂಟಿಕ್ಕಿಕೊಂಡು ನೀರಿನ ಬಾಟಲಿಗೆ ಕೈ ಚಾಚಿದ.